ಒದ್ದೆ ರಸ್ತೆಯಲ್ಲಿ ಜಾರದ ಕಾರ್ ಟೈರ್ ಆರಿಸುವುದು ಹೇಗೆ?

ಮಳೆ ಹತ್ತಿರ ಬಂತೆಂದರೆ ಓದುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ: ‘ಮಳೆಗೆ ಯಾವ ಕಂಪನಿ ಟೈರ್ ಹಾಕಿಸಲಿ?’ ಒಂದು ಹೆಸರು ಹೇಳಿಬಿಟ್ಟರೆ ಕೇಳಿದವರಿಗೂ ಸಮಾಧಾನ, ನನಗೂ ಸುಲಭ. ಆದರೆ ಒಂದೊಂದು ಕಂಪನಿಯೂ ಹತ್ತಾರು ಬಗೆಯ ಟೈರ್ ಮಾಡುತ್ತದೆ. ಕೆಲವು ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತವೆ. ಕೆಲವನ್ನು ಬಾಳಿಕೆಗೆಂದೇ ಮಾಡಿರುತ್ತಾರೆ, ಕೆಲವನ್ನು ಇಂಧನ ಉಳಿಸಲು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂದೇ ಹೆಸರಿನ ಟೈರ್ ಒಂದು ಸೈಜಿನಲ್ಲಿ ಒಂದು ದರ್ಜೆ, ಇನ್ನೊಂದು ಸೈಜಿನಲ್ಲಿ ಬೇರೆ ದರ್ಜೆ ಪಡೆದಿರುವುದೂ ಉಂಟು. ಹಾಗಾಗಿ ಇಲ್ಲಿ ಕಂಪನಿಗಳ ಶಿಫಾರಸು ಇಲ್ಲ. ಟೈರನ್ನು ನೀವೇ ನೋಡಿ ಅಳೆದು ತೀರ್ಮಾನಿಸುವುದು ಹೇಗೆ ಎಂಬುದಷ್ಟೇ ಇದೆ.

ಜೊತೆಗಿಟ್ಟುಕೊಳ್ಳಬೇಕಾದ್ದು ಸ್ವಲ್ಪವೇ. ಟೈರಿನ ಗ್ರೂವ್, ಅಂದರೆ ರಸ್ತೆಗೆ ತಾಗುವ ಭಾಗದಲ್ಲಿ ಕೊರೆದಿರುವ ಕಾಲುವೆ, ಎಷ್ಟು ಆಳ ಇದೆ ಎಂದು ಅಳೆಯುವ ಒಂದು ಡೆಪ್ತ್ ಗೇಜ್, ಗಾಳಿ ನೋಡುವ ಗೇಜ್, ಒಂದು ಟಾರ್ಚ್, ಮತ್ತೆ ನಿಮ್ಮ ಕಾರಿನ ಮ್ಯಾನುವಲ್. ಡ್ರೈವರ್ ಬಾಗಿಲು ತೆಗೆದಾಗ ಕಂಬದ ಮೇಲೆ ಟೈರ್ ಸೈಜ್, ಗಾಳಿಯ ಅಳತೆ ಬರೆದ ಸ್ಟಿಕ್ಕರ್ ಕಂಡರೆ ಆ ಎರಡಕ್ಕೆ ಮ್ಯಾನುವಲ್ ಹುಡುಕುವ ಕೆಲಸವೂ ಇಲ್ಲ.

ಮೊದಲು ಇದೊಂದು ತಿಳಿದಿರಲಿ

ಒದ್ದೆ ರಸ್ತೆಯಲ್ಲಿ ಕಾರು ಜಾರುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಈ ಎರಡನ್ನು ಕಲಸಿಬಿಡುವುದರಿಂದಲೇ ಅರ್ಧ ಗೊಂದಲ.

ಒಂದನೆಯದು, ರಸ್ತೆ ಬರೀ ಒದ್ದೆಯಾಗಿರುವಾಗ. ನೀರು ನಿಂತಿಲ್ಲ, ತೆಳುವಾದ ಪದರ ಇದೆ ಅಷ್ಟೆ. ಆಗ ಕೆಲಸ ಮಾಡುವುದು ರಬ್ಬರ್. ರಬ್ಬರ್ ಮೆತ್ತಗಿದ್ದರೆ ಡಾಂಬರಿನ ಸಣ್ಣ ಸಣ್ಣ ಉಬ್ಬು ತಗ್ಗುಗಳ ಒಳಗೆ ಇಳಿದು ಹಿಡಿಯುತ್ತದೆ. ಗಟ್ಟಿಯಾಗಿದ್ದರೆ ಮೇಲ್ಮೇಲೆ ಜಾರಿಕೊಂಡು ಹೋಗುತ್ತದೆ. ಈ ರಬ್ಬರ್ ಮಿಶ್ರಣಕ್ಕೆ ಕಾಂಪೌಂಡ್ ಅನ್ನುತ್ತಾರೆ. ಹಿಂದೆ ಇದರಲ್ಲಿ ಮುಖ್ಯವಾಗಿ ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಬಗೆಯ ಮಸಿ, ಬೆರೆಸುತ್ತಿದ್ದರು. 1992ರಲ್ಲಿ ಮಿಶೆಲಿನ್ ಅದರ ಬದಲು ಹೆಚ್ಚಿಗೆ ಸಿಲಿಕಾ ಬೆರೆಸಿದ ಕಾರ್ ಟೈರ್ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಂಧನವೂ ಉಳಿಯಬೇಕು, ಒದ್ದೆಯಲ್ಲಿ ಹಿಡಿತವೂ ಬೇಕು ಅನ್ನುವುದು ಅಲ್ಲಿಯವರೆಗೆ ಒಟ್ಟಿಗೆ ಸಿಗುವುದು ಕಷ್ಟವಿತ್ತು.

ಎರಡನೆಯದು, ರಸ್ತೆಯ ಮೇಲೆ ನೀರು ನಿಂತಿರುವಾಗ. ಇಲ್ಲಿ ರಬ್ಬರ್ ಎಷ್ಟೇ ಒಳ್ಳೆಯದಿರಲಿ, ಮೊದಲು ನೀರು ಪಕ್ಕಕ್ಕೆ ಸರಿಯಬೇಕು. ಲೆಕ್ಕ ಹಾಕಿ ನೋಡಿ. 195 ಮಿಲಿಮೀಟರ್ ಅಗಲದ ಟೈರ್, 3 ಮಿಲಿಮೀಟರ್ ನೀರು, ವೇಗ ಗಂಟೆಗೆ 80 ಕಿಲೋಮೀಟರ್. ಆ ಒಂದು ಟೈರಿನ ದಾರಿಯಲ್ಲಿ ಸೆಕೆಂಡಿಗೆ ಸುಮಾರು 13 ಲೀಟರ್ ನೀರು ಎದುರಾಗುತ್ತದೆ. ಟೈರು ಅಷ್ಟನ್ನೂ ಗ್ರೂವ್‌ಗಳ ಮೂಲಕ ಮತ್ತು ಅಕ್ಕಪಕ್ಕಕ್ಕೆ ತಳ್ಳಬೇಕು. ತಳ್ಳಲು ಆಗದಿದ್ದರೆ ನೀರು ಟೈರಿನ ಕೆಳಗೆ ನುಗ್ಗಿ ಅದನ್ನು ಎತ್ತಿಬಿಡುತ್ತದೆ. ಕಾರು ನೀರಿನ ಮೇಲೆ ತೇಲಿದಂತಾಗುತ್ತದೆ. ಹೈಡ್ರೋಪ್ಲೇನಿಂಗ್ ಅಥವಾ ಅಕ್ವಾಪ್ಲೇನಿಂಗ್ ಅನ್ನುವುದು ಇದಕ್ಕೇ. ಆ ಹೊತ್ತಿನಲ್ಲಿ ಬ್ರೇಕೂ ಕೇಳುವುದಿಲ್ಲ, ಸ್ಟೇರಿಂಗೂ ಕೇಳುವುದಿಲ್ಲ.

ಅಂಗಡಿಯಲ್ಲಿ ಹೊಸ ಟೈರಿನ ಮೇಲೆ ಅಂಟಿಸಿರುವ ಒದ್ದೆ ಹಿಡಿತದ ದರ್ಜೆ ಹೇಳುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಗ್ರೂವಿನ ಆಳ, ಗಾಳಿ, ಅಗಲ ಮತ್ತು ನಿಮ್ಮ ವೇಗಕ್ಕೆ ಸಂಬಂಧಿಸಿದ್ದು. ಮುಂದಿನ ಹಂತಗಳನ್ನು ಓದುವಾಗ ಇದು ನೆನಪಿರಲಿ.

1. ಈಗಿರುವ ಟೈರನ್ನು ಅಳೆಯಿರಿ

ಹೊಸ ಟೈರ್ ಬೇಕೇ ಬೇಡವೇ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಹೊಸ ಕಾರ್ ಟೈರಿನ ಗ್ರೂವ್ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳ ಇರುತ್ತದೆ. ಹಲವು ದೇಶಗಳ ಕಾನೂನಿನಲ್ಲಿ ಕನಿಷ್ಠ ಮಿತಿ 1.6 ಮಿಲಿಮೀಟರ್.

ಆ ಮಿತಿಯನ್ನು ಟೈರಿನ ಮೇಲೆಯೇ ಗುರುತು ಮಾಡಿರುತ್ತಾರೆ. ಟೈರಿನ ಭುಜದ ಹತ್ತಿರ, ಅಂದರೆ ರಸ್ತೆಗೆ ತಾಗುವ ಭಾಗ ಮುಗಿದು ಪಕ್ಕದ ಗೋಡೆ ಶುರುವಾಗುವ ಅಂಚಿನಲ್ಲಿ, ಟಾರ್ಚ್ ಬಿಟ್ಟು ನೋಡಿ. ಒಂದು ಪುಟ್ಟ ತ್ರಿಕೋನವೋ, ಟಿಡಬ್ಲ್ಯುಐ ಎಂಬ ಅಕ್ಷರಗಳೋ ಕಾಣುತ್ತವೆ. ಅಲ್ಲಿಂದ ನೇರವಾಗಿ ಗ್ರೂವಿನ ಕಡೆ ಬೆರಳು ಎಳೆಯಿರಿ. ಗ್ರೂವಿನ ತಳದಲ್ಲಿ ಅಡ್ಡಕ್ಕೆ ಒಂದು ಸಣ್ಣ ರಬ್ಬರ್ ದಿಂಡು ಕೈಗೆ ಸಿಗುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಸುತ್ತಲಿನ ರಬ್ಬರ್ ಸವೆದು ಈ ದಿಂಡಿನ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿಯಿತು.

ಮಳೆಯ ಮಟ್ಟಿಗೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ. 3 ಮಿಲಿಮೀಟರಿಗೆ ಬಂದಾಗಲೇ ಹೊಸದಕ್ಕೆ ಹಣ ಹೊಂದಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. 8ರಿಂದ ಶುರುವಾದ ಟೈರ್ 3ಕ್ಕೆ ಬಂದಾಗ ಸವೆಯಬಹುದಾದ 6.4 ಮಿಲಿಮೀಟರಿನಲ್ಲಿ 5 ಹೋಗಿರುತ್ತದೆ. ಉಳಿದಿರುವುದು ಕಾಲು ಭಾಗವೂ ಇಲ್ಲ. ಆ ಕಾಲು ಭಾಗ ಉಳಿಸಲು ಹೋಗಿ ಇಡೀ ಮಳೆಗಾಲ ಬೋಳು ಟೈರಿನಲ್ಲಿ ಓಡಿಸುವುದು ಲಾಭದ ಲೆಕ್ಕವಲ್ಲ.

ಅಳೆಯುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಹೊರ ಅಂಚು ಕಣ್ಣಿಗೆ ಬೀಳುತ್ತದೆ, ಅಲ್ಲೇ ಅಳೆದು ಸುಮ್ಮನಾಗುತ್ತಾರೆ. ಒಳ ಅಂಚು ಸವೆದು ನುಣ್ಣಗಾಗಿರುವುದು ಗೊತ್ತೇ ಆಗುವುದಿಲ್ಲ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂದಿನ ಟೈರಿನ ಒಳಭಾಗ ಕಾಣುತ್ತದೆ. ಹಿಂದಿನದಕ್ಕೆ ಬಗ್ಗಿ ಟಾರ್ಚ್ ಹಾಕಬೇಕು, ಬೇರೆ ದಾರಿ ಇಲ್ಲ. ಒಳಗೆ, ನಡುವೆ, ಹೊರಗೆ ಮೂರೂ ಕಡೆ ಅಳೆಯಿರಿ. ಟೈರಿನ ಸುತ್ತ ಬೇರೆ ಬೇರೆ ಜಾಗದಲ್ಲೂ ಅಳೆಯಿರಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಅತಿ ಕಡಿಮೆ ಬಂದ ಅಳತೆಯನ್ನು.

ಒಂದೇ ಅಂಚು ಜಾಸ್ತಿ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ ಎಂದೇ ತಿಳಿಯಿರಿ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಇದನ್ನು ಸರಿಪಡಿಸದೆ ಹೊಸ ಟೈರ್ ಹಾಕಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

2. ಟೈರಿನ ವಯಸ್ಸು ನೋಡಿ

ಗ್ರೂವ್ ಚೆನ್ನಾಗಿದೆ, ಆದರೂ ಒದ್ದೆಯಲ್ಲಿ ಕಾರು ಜಾರುತ್ತದೆ ಅನ್ನುವವರು ಇಲ್ಲಿ ಗಮನ ಕೊಡಿ. ಶಾಲೆಯ ಹಳೇ ಇರೇಸರ್ ಹೇಗೆ ಗಟ್ಟಿಯಾಗಿ, ಅಳಿಸುವ ಬದಲು ಕಾಗದದ ಮೇಲೆ ಜಾರುತ್ತದೋ, ಟೈರಿನ ರಬ್ಬರಿಗೂ ವಯಸ್ಸಾದರೆ ಅದೇ ಗತಿ. ಓಡಿದ್ದು ಕಡಿಮೆ, ನಿಂತಿದ್ದೇ ಹೆಚ್ಚು ಎಂಬ ಕಾರುಗಳಲ್ಲಿ ಇದು ಸಾಮಾನ್ಯ.

ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಅಕ್ಷರ ಅಂಕಿಗಳ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿಗಳೇ ತಯಾರಾದ ದಿನಾಂಕ. 2324 ಎಂದಿದ್ದರೆ 2024ರ 23ನೇ ವಾರ. ಒಂದು ಬದಿಯಲ್ಲಿ ಸಾಲು ಅರ್ಧಕ್ಕೇ ನಿಂತಿದ್ದರೆ ಗಾಬರಿ ಬೇಡ, ಪೂರ್ತಿ ಸಾಲು ಇನ್ನೊಂದು ಬದಿಯಲ್ಲಿರುತ್ತದೆ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಆರು ವರ್ಷಕ್ಕೆ ಬದಲಿಸಿ ಎಂದು ಹಲವು ಕಾರ್ ಕಂಪನಿಗಳು ಹೇಳುತ್ತವೆ. ಗ್ರೂವ್ ಎಷ್ಟೇ ಉಳಿದಿರಲಿ, ಹತ್ತು ವರ್ಷದ ಮೇಲೆ ಬೇಡ ಎನ್ನುವುದು ಟೈರ್ ತಯಾರಕರ ಮಾತು. ಸ್ಟೆಪ್ನಿಗೂ ಇದೇ ನಿಯಮ. ಗ್ರೂವಿನ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ವರ್ಷದ ಲೆಕ್ಕ ಬೇಡವೇ ಬೇಡ, ತೆಗೆಸಿಬಿಡಿ.

3. ಸೈಜ್ ಬರೆದುಕೊಳ್ಳಿ, ಅದರಿಂದ ಆಚೆ ಹೋಗಬೇಡಿ

ಟೈರಿನ ಮೇಲೆ 195/55 ಆರ್ 16 87 ವಿ ಎಂಬಂಥ ಒಂದು ಸಾಲಿರುತ್ತದೆ. 195 ಅಂದರೆ ಮಿಲಿಮೀಟರಿನಲ್ಲಿ ಅಗಲ. 55 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 55ರಷ್ಟು. ಆರ್ ಅಂದರೆ ರೇಡಿಯಲ್, ಟೈರಿನ ಒಳರಚನೆಯ ಬಗೆ. 16 ಅಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. 87 ಲೋಡ್ ಇಂಡೆಕ್ಸ್, ಆ ಒಂದು ಟೈರ್ 545 ಕಿಲೋ ಹೊರಬಲ್ಲದು ಎಂದು ಅದರ ಅರ್ಥ. ವಿ ಅನ್ನುವುದು ವೇಗದ ಗುರುತು, ಗಂಟೆಗೆ 240 ಕಿಲೋಮೀಟರ್‌ವರೆಗೆ. ನಿಮ್ಮ ಕಾರಿಗೆ ತಯಾರಕರು ಹೇಳಿದ ಲೋಡ್ ಇಂಡೆಕ್ಸಿಗಿಂತ ಕಡಿಮೆಯದನ್ನು ಎಂದೂ ತೆಗೆದುಕೊಳ್ಳಬೇಡಿ. ಎಲೆಕ್ಟ್ರಿಕ್ ಕಾರುಗಳು ಬ್ಯಾಟರಿಯಿಂದಾಗಿ ಭಾರ ಜಾಸ್ತಿ, ಅಲ್ಲಿ ಇದನ್ನು ಎರಡು ಸಲ ನೋಡಿ.

ಈಗ ಅಗಲದ ವಿಷಯ. ‘ಅಗಲ ಟೈರ್ ಹಾಕಿಸಿದರೆ ಹಿಡಿತ ಜಾಸ್ತಿ ಅಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. ಒಣ ರಸ್ತೆಯಲ್ಲಿ ಒಂದು ಮಟ್ಟಿಗೆ ಹೌದು. ನೀರು ನಿಂತ ರಸ್ತೆಯಲ್ಲಿ ಉಲ್ಟಾ. ಟೈರು ರಸ್ತೆಗೆ ತಾಗುವ ಜಾಗ ಸರಿಸುಮಾರು ಒಂದು ಅಂಗೈಯಷ್ಟು. ಆ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ಕಾರಿನ ಭಾರ ಮತ್ತು ಗಾಳಿಯ ಒತ್ತಡ ನಿರ್ಧರಿಸುತ್ತವೆ. ಟೈರ್ ಅಗಲ ಮಾಡಿದರೆ ಆ ಅಂಗೈ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಹೀಗಾದಾಗ ಎದುರಾಗುವ ನೀರು ಹೆಚ್ಚು, ಅದನ್ನು ಹಿಂಡಿ ಹೊರಗೆ ಹಾಕಲು ಸಿಗುವ ಸಮಯ ಕಡಿಮೆ. ಉಳಿದದ್ದೆಲ್ಲ ಒಂದೇ ಆಗಿದ್ದರೆ ಅಗಲ ಟೈರ್ ಕಡಿಮೆ ವೇಗದಲ್ಲೇ ತೇಲಲು ಶುರು ಮಾಡುತ್ತದೆ. ನೋಟಕ್ಕೆ ದೊಡ್ಡ ಟೈರ್ ಹಾಕಿಸುವವರು ಹಾಕಿಸಲಿ, ಆದರೆ ಮಳೆಗೆ ಒಳ್ಳೆಯದು ಅನ್ನುವ ಕಾರಣ ಮಾತ್ರ ಕೊಡಬಾರದು.

4. ಲೇಬಲ್ ಓದಿ, ಅದು ಹೇಳದಿರುವುದನ್ನೂ ತಿಳಿಯಿರಿ

ಯುರೋಪಿನ ಟೈರ್ ಲೇಬಲ್ ಸ್ಪಷ್ಟವಾಗಿದೆ. 2012ರ ನವೆಂಬರಿನಲ್ಲಿ ಕಡ್ಡಾಯವಾಯಿತು, 2021ರ ಮೇ 1ರಿಂದ ಹೊಸ ರೂಪಕ್ಕೆ ಬಂತು. ಅದರಲ್ಲಿ ಮೂರು ಮುಖ್ಯ ವಿವರಗಳಿರುತ್ತವೆ: ಇಂಧನ, ಒದ್ದೆ ಹಿಡಿತ, ಸದ್ದು. ಮೋಡದಿಂದ ಮಳೆ ಬೀಳುತ್ತಿರುವ ಚಿತ್ರದ ಕೆಳಗಿನ ಅಕ್ಷರ ನಿಮಗೆ ಬೇಕಾದ್ದು. ‘ಎ’ ಅತಿ ಒಳ್ಳೆಯದು, ‘ಇ’ ಕೊನೆಯದು. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಜೋರಾಗಿ ಬ್ರೇಕ್ ಹಾಕಿದರೆ ಮೊದಲ ಮತ್ತು ಕೊನೆಯ ದರ್ಜೆಯ ನಡುವೆ 18 ಮೀಟರ್‌ವರೆಗೂ ವ್ಯತ್ಯಾಸ ಬರಬಹುದು. ನಾಲ್ಕು ಕಾರು ಸಾಲಾಗಿ ನಿಲ್ಲಿಸುವಷ್ಟು ಜಾಗ ಅದು. ನನ್ನ ಮಟ್ಟಿಗೆ ‘ಎ’ ಅಥವಾ ‘ಬಿ’ ಸಿಗುವಾಗ ಅದಕ್ಕಿಂತ ಕೆಳಗೆ ನೋಡುವ ಅಗತ್ಯವಿಲ್ಲ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಟೈರಿನ ಗೋಡೆಯ ಮೇಲೆಯೇ ಟ್ರ್ಯಾಕ್ಷನ್ ಎಂದು ಬರೆದು ‘ಎಎ’, ‘ಎ’, ‘ಬಿ’, ‘ಸಿ’ ಎಂಬ ದರ್ಜೆ ಕೊಟ್ಟಿರುತ್ತಾರೆ. ಪಕ್ಕದಲ್ಲಿ ಟ್ರೆಡ್‌ವೇರ್ ಎಂಬ ಸಂಖ್ಯೆಯೂ ಇರುತ್ತದೆ. ಅದು ಬಾಳಿಕೆಯ ಸೂಚನೆ, ಹಿಡಿತದ್ದಲ್ಲ. ಸಂಖ್ಯೆ ದೊಡ್ಡದಿದೆ ಎಂದು ಖುಷಿಪಟ್ಟು ಟೈರ್ ಕೊಳ್ಳುವವರಿದ್ದಾರೆ. ಬಾಳಿಕೆ ಹೆಚ್ಚಿಸಲು ರಬ್ಬರನ್ನು ಗಟ್ಟಿ ಮಾಡಿದ್ದರೆ ಒದ್ದೆಯಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಎರಡೂ ಚೆನ್ನಾಗಿರುವ ಟೈರ್‌ಗಳಿವೆ, ಆದರೆ ಸಾಮಾನ್ಯವಾಗಿ ಅವು ಅಗ್ಗವಲ್ಲ.

ಈ ಎರಡೂ ಪದ್ಧತಿಗಳಿಗೆ ಒಂದೇ ಮಿತಿ ಇದೆ. ದರ್ಜೆ ಕೊಡುವುದು ನೇರ ರಸ್ತೆಯಲ್ಲಿ ಬ್ರೇಕ್ ಹಾಕಿ. ಯುರೋಪಿನ ಪರೀಕ್ಷೆಯಲ್ಲಿ ಕಾರನ್ನು 80ರಿಂದ 20 ಕಿಲೋಮೀಟರಿಗೆ ಇಳಿಸಿ ಅಳೆಯುತ್ತಾರೆ, ರಸ್ತೆಯ ಮೇಲಿನ ನೀರು ಸುಮಾರು ಒಂದು ಮಿಲಿಮೀಟರ್ ಮಾತ್ರ. ತಿರುವಿನಲ್ಲಿ ಹೇಗೆ, ನಿಂತ ನೀರಿನಲ್ಲಿ ಹೇಗೆ ಎಂಬುದು ಆ ಅಕ್ಷರದಲ್ಲಿ ಸೇರಿಲ್ಲ. ಅದೂ ಅಲ್ಲದೆ ಆ ದರ್ಜೆ ಹೊಸ ಟೈರಿನದು. ಅರ್ಧ ಸವೆದ ಮೇಲೆ ಆ ಅಕ್ಷರಕ್ಕೆ ಅಷ್ಟೇ ಬೆಲೆ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಇಂಧನ ಉಳಿತಾಯಕ್ಕೆ ಕೊಟ್ಟ ದರ್ಜೆಯನ್ನೋ ನಕ್ಷತ್ರವನ್ನೋ ತೋರಿಸಿ ‘ಟಾಪ್ ರೇಟಿಂಗ್ ಟೈರ್’ ಎಂದು ಮಾರುವುದುಂಟು. ಯಾವುದರ ರೇಟಿಂಗ್ ಎಂದು ಕೇಳಿ.

ಲೇಬಲ್ ಇಲ್ಲದ ಕಡೆ ತಯಾರಕರ ಜಾಲತಾಣದಲ್ಲಿ ನಿಮ್ಮದೇ ಸೈಜಿನ ವಿವರ ಹುಡುಕಿ. ಯುರೋಪಿನ ಹೊಸ ಲೇಬಲ್ಲಿನಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅದೇ ಟೈರಿನ ಮಾಹಿತಿ ತೆರೆಯುತ್ತದೆ.

5. ಗ್ರೂವಿನ ವಿನ್ಯಾಸ ನೋಡಿ

ಟೈರನ್ನು ಎದುರಿಗಿಟ್ಟುಕೊಂಡು ನೋಡಿ. ಸುತ್ತಲೂ ಉದ್ದಕ್ಕೆ ಹೋಗುವ ಮೂರೋ ನಾಲ್ಕೋ ದೊಡ್ಡ ಗ್ರೂವ್‌ಗಳೇ ಮುಖ್ಯ ಕಾಲುವೆಗಳು. ಅವುಗಳಿಂದ ಅಂಚಿನ ಕಡೆ ಹೋಗುವ ಅಡ್ಡ ಗ್ರೂವ್‌ಗಳು ನೀರನ್ನು ಹೊರಗೆ ಬಿಡುತ್ತವೆ. ರಬ್ಬರ್ ಬ್ಲಾಕುಗಳ ಮೇಲೆ ಬ್ಲೇಡಿನಿಂದ ಸೀಳಿದಂಥ ಸಣ್ಣ ಗೀರುಗಳಿರುತ್ತವೆ, ಅವಕ್ಕೆ ಸೈಪ್ ಅನ್ನುತ್ತಾರೆ. ತೆಳು ನೀರಿನ ಪದರವನ್ನು ಕತ್ತರಿಸಿ ರಬ್ಬರನ್ನು ರಸ್ತೆಗೆ ಮುಟ್ಟಿಸುವುದು ಇವುಗಳ ಕೆಲಸ. ಸೈಪಿನ ಆಳವನ್ನೂ ಗಮನಿಸಿ. ಕೆಲವು ಟೈರುಗಳಲ್ಲಿ ಅವು ಮುಖ್ಯ ಗ್ರೂವಿಗಿಂತ ಬಹಳ ಕಡಿಮೆ ಆಳ ಇರುತ್ತವೆ. ಅರ್ಧ ಸವೆಯುವ ಹೊತ್ತಿಗೆ ಮಾಯ.

ವಿನ್ಯಾಸದಲ್ಲಿ ಮೂರು ಬಗೆ. ಎರಡೂ ಕಡೆ ಒಂದೇ ರೀತಿ ಇರುವ ಸಿಮೆಟ್ರಿಕ್. ನಡುವಿನಿಂದ ಎರಡೂ ಅಂಚಿಗೆ ಬಾಣದ ಗರಿಗಳಂತೆ ಗೆರೆ ಎಳೆದ ಡೈರೆಕ್ಷನಲ್. ಒಳ ಅರ್ಧ ಒಂದು ಥರ, ಹೊರ ಅರ್ಧ ಇನ್ನೊಂದು ಥರ ಇರುವ ಎಸಿಮೆಟ್ರಿಕ್. ನಿಂತ ನೀರನ್ನು ಪಕ್ಕಕ್ಕೆ ತಳ್ಳುವುದರಲ್ಲಿ ಡೈರೆಕ್ಷನಲ್ ಟೈರುಗಳಿಗೆ ಒಳ್ಳೆಯ ಹೆಸರಿದೆ. ಎಸಿಮೆಟ್ರಿಕ್ ಟೈರುಗಳು ನೀರು ಹಾಯಿಸುವುದು ಮತ್ತು ತಿರುವಿನ ಹಿಡಿತ ಎರಡನ್ನೂ ತೂಗಿಸಿಕೊಂಡು ಹೋಗುತ್ತವೆ. ಹಾಗೆಂದು ವಿನ್ಯಾಸ ನೋಡಿಯೇ ಟೈರ್ ಕೊಳ್ಳಬೇಡಿ. ಕಣ್ಣಿಗೆ ಚೆಂದ ಕಂಡ ಗ್ರೂವಿನ ಟೈರ್ ಗಟ್ಟಿ ರಬ್ಬರಿನದಾಗಿದ್ದರೆ ಒದ್ದೆಯಲ್ಲಿ ಏನೂ ಪ್ರಯೋಜನವಿಲ್ಲ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಕಾಡು, ಕೆಸರಿಗೆ ಮಾಡಿದ ದೊಡ್ಡ ಬ್ಲಾಕಿನ ಟೈರ್ ಮಳೆಗೆ ಒಳ್ಳೆಯದು ಎಂಬುದು ಒಂದು. ಕೆಸರಿನಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದರೆ ಸಾಮಾನ್ಯವಾಗಿ ರಸ್ತೆ ಟೈರಿಗಿಂತ ದೂರ ಹೋಗಿ ನಿಲ್ಲುತ್ತದೆ. ಚಳಿಗಾಲದ ಟೈರಿನಲ್ಲಿ ಗ್ರೂವೂ ಸೈಪೂ ಜಾಸ್ತಿ, ಹಾಗಾಗಿ ಎಲ್ಲ ಮಳೆಗೂ ಅದೇ ಲೇಸು ಎಂಬುದು ಇನ್ನೊಂದು. ಪರ್ವತದೊಳಗೆ ಹಿಮದ ಹರಳಿನ ಗುರುತಿರುವ ಆ ಟೈರುಗಳ ರಬ್ಬರ್, ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಮೆತ್ತಗೆ ಉಳಿಯುವಂತೆ ಮಾಡಿದ್ದು. ಬೆಚ್ಚಗಿನ ಮಳೆಯಲ್ಲಿ ಅದು ಅತಿಯಾಗಿ ಮೆತ್ತಗಾಗಿ ಬ್ಲಾಕುಗಳು ಅಲುಗಾಡುತ್ತವೆ. ಬೆಚ್ಚಗಿನ ಊರಿನ ಮಳೆಗೆ ಒಳ್ಳೆಯ ಒದ್ದೆ ದರ್ಜೆಯ ಸಮ್ಮರ್ ಟೈರೇ ಸರಿ.

6. ಪರೀಕ್ಷಾ ವರದಿ ಓದುವಾಗ

ಕಾರ್ ಪತ್ರಿಕೆಗಳು, ವಾಹನ ಸಂಘಗಳು ಟೈರುಗಳನ್ನು ಒಟ್ಟಿಗಿಟ್ಟು ಪರೀಕ್ಷಿಸಿದ ವರದಿಗಳು ಸಿಗುತ್ತವೆ. ಲೇಬಲ್ ಬಿಟ್ಟುಹೋದದ್ದು ಇಲ್ಲಿ ಸಿಗುತ್ತದೆ. ಒಟ್ಟು ಅಂಕ ನೋಡಿ ಮುಚ್ಚಿಡಬೇಡಿ. ಒದ್ದೆಯಲ್ಲಿ ಬ್ರೇಕಿಂಗ್, ಒದ್ದೆ ತಿರುವಿನಲ್ಲಿ ಹಿಡಿತ, ನೇರ ಅಕ್ವಾಪ್ಲೇನಿಂಗ್, ತಿರುವಿನ ಅಕ್ವಾಪ್ಲೇನಿಂಗ್ ಎಂಬ ಕಾಲಂಗಳನ್ನು ಬೇರೆ ಬೇರೆ ನೋಡಿ. ಬ್ರೇಕಿಂಗಿನಲ್ಲಿ ಗೆದ್ದ ಟೈರು ನಿಂತ ನೀರಿನಲ್ಲಿ ಹಿಂದೆ ಬಿದ್ದಿರುವುದುಂಟು. ನಿಮ್ಮ ದಾರಿಯಲ್ಲಿ ನೀರು ನಿಲ್ಲುತ್ತದೆಯೋ, ಬರೀ ಒದ್ದೆಯಾಗುತ್ತದೆಯೋ ಅನ್ನುವುದರ ಮೇಲೆ ಯಾವ ಕಾಲಂ ಮುಖ್ಯ ಎಂದು ನೀವೇ ಹೇಳಬಲ್ಲಿರಿ.

ವರದಿಯ ಸೈಜ್ ನಿಮ್ಮದಕ್ಕೆ ಹತ್ತಿರ ಇರಲಿ. ಕಾರ್ ಕಂಪನಿಗೆಂದೇ ಮಾಡಿದ ಟೈರುಗಳ ಮೇಲೆ ವಿಶೇಷ ಗುರುತಿರುತ್ತದೆ, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ ಎಂಬಂತೆ. ಹೆಸರು ಒಂದೇ ಆದರೂ ಇವುಗಳ ಒಳಗಿನ ಮಿಶ್ರಣ ಬೇರೆ ಇರಬಹುದು.

7. ಎರಡೋ ನಾಲ್ಕೋ, ಹೊಸದು ಎಲ್ಲಿಗೆ?

ಸಾಧ್ಯವಾದರೆ ನಾಲ್ಕೂ ಒಂದೇ. ಆಗದಿದ್ದರೆ ಒಂದೇ ಆಕ್ಸಲಿನ, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿಯ, ಎರಡೂ ಟೈರುಗಳು ಒಂದೇ ಕಂಪನಿ, ಒಂದೇ ಮಾದರಿಯದಾಗಿರಲೇಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಗ್ರೂವಿನ ಆಳದ ವ್ಯತ್ಯಾಸ ಎಷ್ಟಿರಬಹುದು ಎಂದು ಮ್ಯಾನುವಲ್ಲಿನಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ.

ಎರಡೇ ಹೊಸದು ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಬೇಕು. ಈ ಮಾತಿಗೆ ಅಂಗಡಿಯಲ್ಲೇ ವಾದ ಶುರುವಾಗುತ್ತದೆ. ‘ಮುಂದಿನ ಚಕ್ರ ತಾನೇ ಎಳೆಯೋದು? ಬ್ರೇಕೂ ಅಲ್ಲೇ ಜಾಸ್ತಿ, ಹೊಸದು ಮುಂದಿರಲಿ’ ಅನ್ನುತ್ತಾರೆ. ಕೇಳೋಕೆ ಸರಿಯೆನಿಸುತ್ತದೆ. ಆದರೆ ಮುಂದಿನ ಟೈರು ಹಿಡಿತ ಕಳೆದುಕೊಂಡರೆ ಕಾರು ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತದೆ, ಸ್ಟೇರಿಂಗ್ ಹಗುರಾಗಿ ನಿಮಗೆ ತಿಳಿಯುತ್ತದೆ, ಕಾಲು ತೆಗೆದರೆ ಹೆಚ್ಚಾಗಿ ದಾರಿಗೆ ಬರುತ್ತದೆ. ಹಿಂದಿನದು ಹಿಡಿತ ಕಳೆದುಕೊಂಡರೆ ಮುನ್ಸೂಚನೆ ಇಲ್ಲದೆ ಹಿಂಭಾಗ ಪಕ್ಕಕ್ಕೆ ಬಂದು ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಪಳಗಿದ ಚಾಲಕರಿಗೂ ಕಷ್ಟ. ಮುಂದಿನ ಚಕ್ರ ಎಳೆಯುವ ಕಾರಿರಲಿ, ಹಿಂದಿನದು ತಳ್ಳುವ ಕಾರಿರಲಿ, ಹೆಚ್ಚು ಗ್ರೂವ್ ಇರುವ ಟೈರ್ ಹಿಂದೆ.

8. ಅಂಗಡಿಯಲ್ಲಿ ನಿಂತು ನೋಡಿ

ಟೈರ್ ಹಾಕಲು ಬಿಟ್ಟು ಟೀ ಕುಡಿಯಲು ಹೋಗಬೇಡಿ. ಒಂದೊಂದು ಟೈರಿನ ದಿನಾಂಕವನ್ನೂ ರಿಮ್ಮಿಗೆ ಏರಿಸುವ ಮೊದಲೇ ಓದಿ. ನಾಲ್ಕರಲ್ಲಿ ಒಂದು ಹಳೆಯದು ಸೇರಿಕೊಂಡಿರಬಹುದು. ನಾಲ್ಕು ವರ್ಷ ಗೋದಾಮಿನಲ್ಲಿದ್ದದ್ದನ್ನು ಹೊಸ ಟೈರಿನ ಬೆಲೆಗೆ ಕೊಳ್ಳಬೇಕಾಗಿಲ್ಲ.

ಡೈರೆಕ್ಷನಲ್ ಟೈರಿನ ಗೋಡೆಯ ಮೇಲೆ ಬಾಣ ಇರುತ್ತದೆ. ಕಾರು ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಬಾಣ ತೋರಿಸಬೇಕು. ಉಲ್ಟಾ ಹಾಕಿದರೆ ಗ್ರೂವ್‌ಗಳು ನೀರನ್ನು ಅಂಚಿಗೆ ತಳ್ಳುವ ಬದಲು ನಡುವಿಗೆ ತರುತ್ತವೆ. ಎಸಿಮೆಟ್ರಿಕ್ ಟೈರಿನಲ್ಲಿ ‘ಔಟ್‌ಸೈಡ್’ ಎಂಬ ಬರಹ ಹೊರಗಿನಿಂದ ಓದಲು ಸಿಗಬೇಕು. ನಾಲ್ಕೂ ಕಡೆ ಸುತ್ತಿ ನೋಡಲು ಒಂದು ನಿಮಿಷ ಸಾಕು.

ಬಳಸಿದ ಟೈರ್ ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗ್ರೂವ್ ಕೊರೆದು ಮಾರುವವರಿದ್ದಾರೆ. ನೋಡಲು ಆಳವಾಗಿ ಕಾಣುತ್ತದೆ. ಆದರೆ ಕೊರೆದಿರುವುದು ಒಳಗಿನ ತಂತಿಗಳನ್ನು ಕಾಪಾಡಲು ಬಿಟ್ಟಿದ್ದ ರಬ್ಬರನ್ನು. ಗ್ರೂವ್ ಆಳ ಇದ್ದೂ ಟಿಡಬ್ಲ್ಯುಐ ದಿಂಡು ಕಾಣದಿದ್ದರೆ, ಅಥವಾ ಗ್ರೂವಿನ ಗೋಡೆಗಳು ಒರಟಾಗಿ ಸೊಟ್ಟಗಿದ್ದರೆ ಅಲ್ಲಿಂದ ಹೊರಡಿ.

ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿ.

9. ಗಾಳಿ

ಮಳೆಯಲ್ಲಿ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. 1963ರಲ್ಲಿ ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ವಿಮಾನದ ಟೈರುಗಳನ್ನು ಅಧ್ಯಯನ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ಟೈರಿನ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ತೇಲುವ ವೇಗ ಏರುತ್ತದೆ ಎಂಬುದು ಅದರ ಸಾರ. ಆ ಸೂತ್ರದಲ್ಲಿ 32 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿಗೆ ಗಂಟೆಗೆ ಸುಮಾರು 94 ಕಿಲೋಮೀಟರ್ ಬರುತ್ತದೆ, 24 ಪಿಎಸ್ಐಗೆ ಸುಮಾರು 82. ಕಾರಿನಲ್ಲಿ ಗ್ರೂವಿನ ಆಳ, ಅಗಲ, ನೀರಿನ ಮಟ್ಟ ಎಲ್ಲ ಸೇರುವುದರಿಂದ ಈ ಅಂಕಿಗಳನ್ನು ಸುರಕ್ಷಿತ ವೇಗ ಎಂದು ಹಿಡಿಯಬೇಡಿ. ಸವೆದ ಟೈರು ಇದಕ್ಕಿಂತ ಎಷ್ಟೋ ಮೊದಲೇ ತೇಲಬಹುದು. ಗಾಳಿ ಇಳಿದರೆ ತೇಲುವ ವೇಗವೂ ಇಳಿಯುತ್ತದೆ ಎಂಬುದನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಿ. ಗಾಳಿ ಕಡಿಮೆಯಾದಾಗ ಟೈರಿನ ನಡುಭಾಗ ಒಳಕ್ಕೆ ಬಾಗಿ ಗ್ರೂವ್‌ಗಳು ಮುಚ್ಚಿಕೊಳ್ಳುತ್ತವೆ, ನೀರಿಗೆ ಹೋಗಲು ದಾರಿ ಕಿರಿದಾಗುತ್ತದೆ.

‘ಮಳೆಗೆ ಸ್ವಲ್ಪ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ’ ಎಂಬ ಮಾತು ಕೇಳಿದ್ದರೆ ಮರೆತುಬಿಡಿ, ಅದು ಮರಳಿಗೆ ಹೇಳಿದ್ದು. ಸ್ಟಿಕ್ಕರಿನಲ್ಲಿರುವಷ್ಟೇ ಇಡಿ, ಪೂರ್ತಿ ಜನ ಮತ್ತು ಸಾಮಾನು ಇದ್ದಾಗಿನ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನು ಪಾಲಿಸಿ. ಟೈರ್ ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಳೆಯಿರಿ. ಹವೆ 10 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್ಐ ಇಳಿಯುತ್ತದೆ. ಬಿಸಿಲಿನಲ್ಲಿ ಹೊಡೆಸಿದ ಗಾಳಿ ಮಳೆ ಹಿಡಿದ ಮೇಲೆ ಸಾಲದೆ ಬರುವುದು ಹೀಗೆ.

10. ಹಾಕಿಸಿಕೊಂಡು ಹೊರಟ ಮೇಲೆ

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಾರು ಪದಾರ್ಥದ ಅಂಶ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಒದ್ದೆಯಲ್ಲಿ ಜೋರಾಗಿ ಬ್ರೇಕ್ ಹಾಕುವುದು, ತಿರುವಿನಲ್ಲಿ ನುಗ್ಗಿಸುವುದು ಬೇಡ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಗಾಳಿಯ ಸೆನ್ಸರ್ ಇರುವ ಕಾರಾದರೆ ಅದನ್ನು ರೀಸೆಟ್ ಮಾಡಬೇಕೇ ಎಂದು ಮ್ಯಾನುವಲ್ ನೋಡಿ.

ಬಹಳ ದಿನ ಒಣಗಿದ್ದ ರಸ್ತೆಗೆ ಮೊದಲ ಮಳೆ ಬಿದ್ದಾಗ ಎಣ್ಣೆ, ಧೂಳು ನೀರಿನೊಂದಿಗೆ ಬೆರೆತು ಜಾರುವ ಪದರವಾಗುತ್ತದೆ. ಅದರ ಮುಂದೆ ‘ಎ’ ದರ್ಜೆಯ ಟೈರೂ ಸ್ವಲ್ಪ ಪರದಾಡುತ್ತದೆ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಸೇತುವೆಯ ಕೂಡಿಕೆಗಳ ಮೇಲೂ ಅಷ್ಟೆ.

ನೀರು ನಿಂತ ರಸ್ತೆಯಲ್ಲಿ, ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಬೇಡಿ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಗಿ, ರಸ್ತೆಯ ಸದ್ದು ಬದಲಾಗಿ, ಎಂಜಿನ್ ವೇಗ ತಾನಾಗಿ ಏರಿದಂತೆ ಅನಿಸಿದರೆ ಟೈರು ತೇಲಲು ಶುರುವಾಗಿದೆ ಎಂದರ್ಥ. ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರಿನಿಂದ ಕಾಲು ನಿಧಾನವಾಗಿ ತೆಗೆಯಿರಿ, ಸ್ಟೇರಿಂಗನ್ನು ನೇರವಾಗಿ ಗಟ್ಟಿ ಹಿಡಿದುಕೊಳ್ಳಿ. ಟೈರು ಮತ್ತೆ ರಸ್ತೆ ಹಿಡಿದದ್ದು ಕೈಗೆ ತಿಳಿಯುತ್ತದೆ, ಆಮೇಲೆ ವೇಗ ಇಳಿಸಿ ಓಡಿಸಿ.